ಮೊದಲು ಮಲಗಿದವರು ಯಾರು

ಮೊನ್ನೆ ಗುರುವಾರದ ಪುಟದಲ್ಲಿ ಹೀಗೆ ಬರೆದುಕೊಂಡಿದ್ದೇನೆ: ಎದ್ದು ಬಾಗಿಲಿಗೆ ನೀರು ಹಾಕಿದೆ. ಒಲೆಯ ಬೂದಿ ತೆಗೆದೆ. ಹಾಲಿನವಳು ಬರಲಿಲ್ಲ, ಬೆಲ್ಲದ ಕಾಫಿ ಕಪ್ಪಾಗಿಯೇ ಕುಡಿದೆವು. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ಹುರುಳಿಕಾಳು ಕಟ್ಟಿಟ್ಟದ್ದು ಬಿಚ್ಚಿ ನೋಡಿದೆ, ಮೊಳಕೆ ಬರಲು ಇನ್ನೊಂದು ದಿನ ಬೇಕು. ಚಿಕ್ಕ ಮಗಳ ಲಂಗದ ಅಂಚು ಬಿಚ್ಚಿ ಇಳಿಸಿದೆ. ರಾಗಿ ಒಣಹಾಕಿ ಕಾಗೆ ಕಾದೆ. ಹನ್ನೊಂದು ಗಂಟೆಯ ಗಾಡಿ ಹೋದ ಮೇಲೆ ಪೋಸ್ಟಿನವನು ಕಾರ್ಡು ತಂದ.

ಕಾರ್ಡಿನ ಮೇಲಿನ ಅಕ್ಷರ ನನಗೆ ಪರಿಚಯದ್ದಾಗಿರಲಿಲ್ಲ. ಹಿಂದೆ ನಮ್ಮ ಮುಂದಿನ ರೂಮಿನಲ್ಲಿದ್ದ ಪ್ರಶ್ನೆ ಸಾರ್ ಅವರ ಮಗಳು ಬರೆದಿದ್ದಳು. ತಂದೆ ಹೋಗಿ ಹದಿನೈದು ದಿನವಾಯಿತು, ಅವರ ಪೆಟ್ಟಿಗೆಯಲ್ಲಿ ನಿಮ್ಮ ವಿಳಾಸ ಸಿಕ್ಕಿತು, ತಿಳಿಸಬೇಕೆನಿಸಿತು, ಎಂದು ಮೂರೇ ಸಾಲು. ಓದುತ್ತಿದ್ದಂತೆ ಕಣ್ಣ ಮುಂದೆ ಬಂದದ್ದು ಅವರ ಕೆಳತುಟಿ. ನಡುಮಧ್ಯದಲ್ಲಿ ಉಗುರಿನಷ್ಟಗಲ ನೇರಳೆ ಬಣ್ಣ. ಒದ್ದೆ ಮಾಡಿದರೆ ನೇರಳೆಯಾಗಿ ಮೂಡುವ ಪೆನ್ಸಿಲು ಇರುತ್ತಿತ್ತಲ್ಲ, ಅದರಲ್ಲಿ ಬರೆಯುತ್ತಿದ್ದರು. ನಾಲ್ಕು ಮಾತು ಬರೆಯುವುದು, ಪೆನ್ಸಿಲಿನ ಮೊನೆಯನ್ನು ತುಟಿಗೆ ತಾಗಿಸುವುದು, ಮತ್ತೆ ಬರೆಯುವುದು. ಬೇಸಿಗೆ ಮಳೆಗಾಲ ಎನ್ನದೆ ಆಗತಾನೆ ನೇರಳೆಹಣ್ಣು ತಿಂದು ಬಂದವರ ಹಾಗೆ ಕಾಣುತ್ತಿದ್ದರು. ನನ್ನ ಮಕ್ಕಳು, "ಸಾರ್, ಒಬ್ಬರೇ ತಿಂದ್ಬಿಟ್ರಾ? ನಮಗೆಲ್ಲಿ?" ಎಂದು ಅವರ ಕೋಟಿನ ಜೇಬು ತಡಕುತ್ತಿದ್ದರು.

ನಮ್ಮ ಯಲಹಂಕದ ಮನೆಯ ಮುಂದಿನ ರೂಮಿಗೆ ಅವರು ಬಾಡಿಗೆಗೆ ಬಂದಾಗ ನಯಾಪೈಸೆ ಬಂದು ನಾಲ್ಕೈದು ವರ್ಷವಾಗಿತ್ತು. ಐವತ್ತರ ಮೇಲಿನ ವಯಸ್ಸು. ಹೆಂಡತಿ ತೀರಿಕೊಂಡಿದ್ದರು, ಮಗಳ ಮದುವೆಯಾಗಿತ್ತು. ಪಂಚೆಯ ಮೇಲೊಂದು ಬೂದುಬಣ್ಣದ ಕೋಟು, ಕಂಕುಳಲ್ಲಿ ಕೊಡೆ, ಕಾಲಲ್ಲಿ ಟೈರಿನ ಚಪ್ಪಲಿ. ಬೀದಿಯವರೆಲ್ಲ ಅವರನ್ನು ಪ್ರಶ್ನೆ ಸಾರ್ ಎನ್ನುತ್ತಿದ್ದರು. ನಮ್ಮ ಅತ್ತೆ ಮಾತ್ರ ಅವರೆದುರಿಗೇ, "ಪ್ರಶ್ನೆಯಪ್ಪ ಬಂದ, ಮುದ್ದೆ ಹಾಕು" ಎಂದುಬಿಡುತ್ತಿದ್ದರು. ಅವರಿಗದು ಬೇಸರವಿರಲಿಲ್ಲ.

ಊಟ ನಮ್ಮಲ್ಲೇ ಎಂದು ಮಾತಾಗಿತ್ತು. ಮೊದಲನೆಯ ದಿನವೇ ನಾನು ಬಾಯಿ ಉಪಚಾರಕ್ಕೆ, "ಸಾರು ಹೇಗಿದೆ ಸಾರ್?" ಎಂದೆ. ಅವರು ಇನ್ನೊಂದು ತುತ್ತು ನುಂಗಿ, ಸೂರು ನೋಡಿ, "ಉಪ್ಪು ಒಂದ್ ಹರಳು ಜಾಸ್ತಿ ಕಣಮ್ಮ" ಎಂದರು. ಹದಿನೇಳು ವರ್ಷ ಸಂಸಾರ ಮಾಡಿದ ನನ್ನ ಯಜಮಾನರು ಎಂದೂ ಹಾಗೆಂದವರಲ್ಲ. ನನಗೆ ಮುಖ ಬಿಗಿಯಿತು. ಅವರು ಅದನ್ನು ನೋಡಿ ನಕ್ಕರು. "ಚೆನ್ನಾಗಿದೆಯಾ ಅಂತ ಕೇಳಿದ್ರೆ ಜನ ಚೆನ್ನಾಗಿದೆ ಅಂತಾನೇ ಹೇಳ್ತಾರಮ್ಮ. ಹಾಗೆ ಕೇಳಬಾರ್ದು. ಎರಡನೇ ಸಲ ಹಾಕಿಸ್ಕೊಂಡ್ರಾ ಅಂತ ನೋಡ್ಬೇಕು." ಹಾಗೆಂದು ತಟ್ಟೆ ಮುಂದೆ ಚಾಚಿದರು. ಉಪ್ಪು ಜಾಸ್ತಿಯಿದ್ದ ಸಾರನ್ನೇ ಎರಡನೇ ಸಲ ಹಾಕಿಸಿಕೊಂಡರು.

ಅವರ ಕೆಲಸ ಏನೆಂದು ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಹೊರದೇಶದ ಒಂದು ಬ್ಯಾಂಕು ನಮ್ಮ ದೇಶಕ್ಕೆ ಸಾಲ ಕೊಟ್ಟಿತ್ತು. ಆ ಸಾಲದಲ್ಲಿ ಯಲಹಂಕದಿಂದ ಬಾಗಲೂರಿನ ಕಡೆಗೆ ಕರೆಂಟಿನ ಲೈನು ಎಳೆದಿದ್ದರು. ನಮ್ಮ ಯಜಮಾನರು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ತಂತಿ ಸುತ್ತಿದ ಆಳೆತ್ತರದ ಮರದ ಉರುಳೆಗಳು, ಮೈಮೇಲೆಲ್ಲ ಅರ್ಥವಾಗದ ಅಕ್ಷರ ಬರೆಸಿಕೊಂಡು ಅಲ್ಲಿಗೇ ಬಂದು ಇಳಿದಿದ್ದವು. ತಂತಿ ಬಿಚ್ಚಿದ ಮೇಲೆ ಉಳಿದ ಹಲಗೆಗಳನ್ನು ಹರಾಜು ಹಾಕಿದಾಗ ಒಂದನ್ನು ತಂದು ನನ್ನ ಅಡಿಗೆಮನೆಗೆ ಗೂಡು ಮಾಡಿಕೊಟ್ಟಿದ್ದರು. ಪ್ರಶ್ನೆ ಸಾರ್ ನನ್ನನ್ನೂ ಕೇಳಿದ್ದರು, ಆ ಸಾಲದಿಂದ ನಿಮಗೇನಾಯ್ತು ಎಂದು. "ಉಪ್ಪಿನಕಾಯಿ ಜಾಡಿ ಇಡೋಕೆ ಜಾಗ ಆಯ್ತು ಸಾರ್" ಎಂದೆ ತಮಾಷೆಗೆ. ಅವರು ಪೆನ್ಸಿಲು ತುಟಿಗೆ ತಾಗಿಸಿ ಅದನ್ನೂ ಬರೆದುಕೊಂಡರು.

ಲೈನು ಕೆಲವು ಹಳ್ಳಿಗೆ ಬಂದಿತ್ತು. ಇನ್ನು ಕೆಲವಕ್ಕೆ, ಎರಡನೆಯ ಸಾಲ ಸಿಕ್ಕರೆ ಬರುತ್ತದೆ ಎಂದಿದ್ದರು. ಮೊದಲನೆಯ ಸಾಲದಿಂದ ಜನಕ್ಕೆ ನಿಜವಾಗಿ ಏನಾಯಿತು, ಜನ ಅದನ್ನು ಏನೆಂದುಕೊಂಡಿದ್ದಾರೆ ಎಂದು ಮನೆಮನೆಗೆ ಹೋಗಿ ಕೇಳಿ ವರದಿ ಬರೆಯುವುದು ಪ್ರಶ್ನೆ ಸಾರ್ ಕೆಲಸ. ಆ ವರದಿ ನೋಡಿ ಎರಡನೆಯ ಸಾಲ. ಅಲ್ಲೇ ನನ್ನ ಜೀವ ಸಿಕ್ಕಿಕೊಂಡಿದ್ದು. ಮೊದಲನೆಯ ಲೈನಿನ ಕೊನೆಯ ಕಂಬದಿಂದ ಒಂದೂವರೆ ಮೈಲಿ ಆಚೆಗೆ ನನ್ನ ತವರು. ಅಲ್ಲಿ ನನ್ನ ತಮ್ಮ ಹೊಸದಾಗಿ ಬಾವಿ ತೋಡಿಸಿ, ದ್ರಾಕ್ಷಿ ಕಡ್ಡಿ ನೆಟ್ಟು, ಚಪ್ಪರಕ್ಕೆ ಕಲ್ಲುಕಂಬ ನಿಲ್ಲಿಸಿ, ಕರೆಂಟಿಗೆ ಕಾಯುತ್ತಿದ್ದ. ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತಿದರೆ ಅರ್ಧ ತೋಟಕ್ಕೂ ಸಾಲುತ್ತಿರಲಿಲ್ಲ. "ಅಕ್ಕ, ಎರಡು ವರ್ಷ ಎಂಗೋ ಇಡಿದು ನಿಲ್ಲಿಸ್ತೀನಿ. ಅಷ್ಟರಾಗೆ ಲೈನು ಬರ್ನಿಲ್ಲ ಅಂದ್ರೆ ಬಳ್ಳಿ ಕಿತ್ತು ಸೌದೆ ಮಾಡಾದೇಯ" ಎಂದಿದ್ದ.

ಪ್ರಶ್ನೆ ಸಾರ್ ಮೊದಲ ಹಳ್ಳಿಗೆ ಹೋಗಿ ಬಂದ ಸಂಜೆ ಸಪ್ಪಗಿದ್ದರು. ಯಾವ ಮನೆಗೆ ಹೋದರೂ ಒಂದೇ ಉತ್ತರ. ಏನೂ ಉಪಯೋಗವಿಲ್ಲ ಸ್ವಾಮಿ. ಪಂಪು ಕೆಟ್ಟಿದೆ. ಬಲ್ಬು ಸುಟ್ಟುಹೋಯಿತು. "ಊರಿಗೆ ಊರೇ ಬಲ್ಬು ಸುಟ್ಟುಕೊಂಡು ಕೂತಿದೆ, ಹೆಂಗಸರು ನನ್ನ ನೋಡಿ ಒಳಗೆ ಹೋಗ್ತಾರೆ" ಎಂದರು. ಮಾರನೆಯ ದಿನ ನಮ್ಮ ಯಜಮಾನರನ್ನು ಕೇಳಿದರು, ನಾನು ಜೊತೆಗೆ ಬಂದು ಹೆಂಗಸರ ಹತ್ತಿರ ಮಾತಾಡಬಹುದೇ ಎಂದು. ಯಜಮಾನರು ಗಡ್ಡ ಕೆರೆದುಕೊಂಡರು. ಅತ್ತೆ ಒಳಗಿನಿಂದಲೇ ತೀರ್ಮಾನ ಕೊಟ್ಟರು: "ಅವಳೊಬ್ಬಳನ್ನೇ ಕಳಿಸಾಕಿಲ್ಲ. ನಾನೂ ಬತ್ತೀನಿ. ಊರು ನೋಡಿ ಬೋ ದಿನ ಆತು."

ಹೀಗೆ ನಮ್ಮ ಮೂವರ ದಂಡು ಹೊರಟಿತು. ಬಸ್ಸಿಳಿದು ಕೆರೆ ಏರಿಯ ಮೇಲೆ ಮುಂದೆ ಕೊಡೆ ಹಿಡಿದ ಪ್ರಶ್ನೆ ಸಾರ್, ನಡುವೆ ಎಲೆಯಡಿಕೆ ಚೀಲದ ಅತ್ತೆ, ಹಿಂದೆ ನಾನು. ಯಾವ ಮನೆಯಾದರೂ ಸರಿ, ಸಾರ್ ಚಪ್ಪಲಿಯನ್ನು ಬೀದಿಯಲ್ಲೇ ಬಿಡುತ್ತಿದ್ದರು. ಕುರ್ಚಿ ತಂದರೆ ಕೂರುತ್ತಿರಲಿಲ್ಲ, ಜಗಲಿಯೇ ಆಗಬೇಕು. "ಕುರ್ಚಿ ಮೇಲೆ ಕೂತೋನಿಗೆ ಯಾರೂ ನಿಜ ಹೇಳಲ್ಲಮ್ಮ" ಎನ್ನುವರು. ಅತ್ತೆ ಮಾತ್ರ, "ಏ, ಒಂದಿಷ್ಟು ಸುಣ್ಣ ಇದ್ರೆ ಕೊಡೇ ತಾಯಿ" ಎಂದು ನೇರ ಒಳಗೆ ನುಗ್ಗುವರು. ಅವರ ಬೆನ್ನಿಗೆ ನಾನು.

ಮೂರನೆಯ ಮನೆಯಲ್ಲಿ ಗುಟ್ಟು ರಟ್ಟಾಯಿತು. ನಡುಮನೆಯಲ್ಲಿ ಕರಿಯ ವೈರು, ಅದರ ತುದಿಯಲ್ಲಿ ಖಾಲಿ ಹೋಲ್ಡರು ನೇತಾಡುತ್ತಿತ್ತು. ಆ ಮನೆಯ ಸೊಸೆ ಅತ್ತೆಗೆ ಒಂದು ಪಡಿ ಹೊಸ ರಾಗಿ ಕೊಡುತ್ತೇನೆಂದು ಕಾಳು ತುಂಬಿಡುವ ಮಣ್ಣಿನ ವಾಡೆಗೆ ಕೈ ಹಾಕಿ ಮೊಗೆದಳು. ಮೊರಕ್ಕೆ ಸುರಿದ ರಾಗಿಯ ಜೊತೆಗೆ ಒಂದು ಬಲ್ಬೂ ಉರುಳಿ ಬಂತು. ಅವಳು ನಾಲಿಗೆ ಕಚ್ಚಿಕೊಂಡಳು.

"ಅಕ್ಕಾ, ಅವರಿಗೆ ಯೋಳ್ಬ್ಯಾಡ ಕಣಕ್ಕೋ."

"ಸುಟ್ಟೋಗಿಲ್ವಾ?"

"ಎಲ್ಲಿ ಸುಟ್ಟೋದಾತು, ನಿನ್ನೆ ತಂಕ ಉರೀತಿತ್ತು. ಪರದೇಸದೋರು ಸಾಲ ಕೊಟ್ಟವ್ರಂತೆ. ಉಪಯೋಗ ಆಗೈತೆ ಅಂದೋರ ಎಸ್ರು ಬರ್ಕಂಡು, ಅವರ ತಾವ್ಲೇ ಸಾಲ ವಸೂಲಿ ಮಾಡ್ತಾರಂತೆ. ಇಲ್ಲ ಅಂದೋರ್ನ ಬಿಟ್‌ಬಿಡ್ತಾರಂತೆ. ಅದ್ಕೇ ನಮ್ಮಾವ ಎಲ್ಲಾರ್ಗೂ ಯೋಳಿ ಬಲ್ಬು ಬಿಚ್ಚುಸ್ದ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಹೊರಗೆ ಜಗಲಿಯಲ್ಲಿ ಅವಳ ಮಾವ, ಊರಿನ ಯಜಮಾನ, ಸಾರ್‌ಗೆ ಬೇರೆ ರಾಗ ಹಾಡುತ್ತಿದ್ದ. "ಬಿಳಿಯೋರು ಅಡಗು ಅತ್ಕೊಂಡು ಸೀಮೆಗೆ ಓದ್ರು ಅಂತ ನಾವಂದ್ಕಂಡ್ರೆ, ತಂತಿ ಮ್ಯಾಲೆ ನಡ್ಕಂಡು ವಾಪಸ್ ಬಂದವ್ರೆ ಬಿಡಿ ಸೋಮಿ."

ಅತ್ತೆ ನಗುತ್ತಲೇ ಹೊರಗೆ ಬಂದು ಎಲ್ಲ ಹೇಳಿಬಿಟ್ಟ ಮೇಲೆ ಸಾರ್ ಸಮಾಧಾನವಾಗಿ ಹೇಳಿದರು: "ನೀವು ತೀರಿಸೋದಲ್ಲ ಯಜಮಾನ್ರೇ. ಸರ್ಕಾರ ತೀರಿಸುತ್ತೆ."

"ಸರ್ಕಾರಕ್ಕೆ ದುಡ್ಡು ಎಲ್ಲಿಂದ ಬತ್ತದೆ?"

"ಕಂದಾಯ, ತೆರಿಗೆ..."

"ಅಂಗಾರೆ ನಾವೇ ತೀರ್ಸಾದು ಅನ್ನಿ. ನಾವು ಎಬ್ಬೆಟ್ಟು ಒತ್ತಿಲ್ಲ, ಸಾಲ ಕೊಟ್ಟೋನ ಮುಕ ನೋಡಿಲ್ಲ. ಆದ್ರೂ ನಾವೇ."

ಬೇರೆ ಯಾವ ಅಧಿಕಾರಿಯಾದರೂ ಗದರುತ್ತಿದ್ದರು. ಪ್ರಶ್ನೆ ಸಾರ್ ಪೆನ್ಸಿಲು ತುಟಿಗೆ ತಾಗಿಸಿ ಆ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡು, "ನೀವು ಹೇಳೋದು ಸರಿಯಾಗೇ ಇದೆ. ಆದ್ರೆ ನೀವು ಇಲ್ಲ ಅಂದ್ರೂ ತೀರಿಸ್ಬೇಕು, ಹೌದು ಅಂದ್ರೂ ತೀರಿಸ್ಬೇಕು. ಬಲ್ಬಾದ್ರೂ ಹಾಕ್ಕೊಳ್ಳಿ" ಎಂದರು. ಯಜಮಾನ ಒಂದು ನಿಮಿಷ ಅವರ ಮುಖ ನೋಡಿ, ಒಳಗೆ ಕೂಗಿದ: "ಏ ಮಗಾ, ಆ ವಾಡೆಯಾಗಿಂದ ಬಲ್ಬು ತೆಗ್ದು ಆಕೇ ಅತ್ಲಾಗೆ."

ಆದರೆ ಅಷ್ಟರಲ್ಲಿ ಬರೆದ ಹಾಳೆಗಳೆಲ್ಲ ಕೆಟ್ಟಿದ್ದವು. ಈಗ ಬೇರೆ ಹಳ್ಳಿಗಳಲ್ಲಿ, ಹೌದೆಂದರೆ ವಸೂಲಿಯಿಲ್ಲ ಎಂದು ಗೊತ್ತಾದ ಜನ, ಹೌದೆಂದರೆ ಇನ್ನಷ್ಟು ಕೊಡುತ್ತಾರೆ ಎಂದು ತಾವೇ ಊಹಿಸಿಕೊಂಡರು. ಎಲ್ಲ ಬಾಯಲ್ಲೂ, "ಬೋ ಉಪಯೋಗ ಸೋಮಿ, ಸ್ವರ್ಗ ಸೋಮಿ." ಸಾರ್ ತಲೆ ಮೇಲೆ ಕೈ ಹೊತ್ತು ಕೂತರು. "ಆಗ ಎಲ್ಲಾ ಇಲ್ಲ, ಈಗ ಎಲ್ಲಾ ಹೌದು. ಎರಡೂ ಸುಳ್ಳು ಕಣಮ್ಮ."

ನನಗೆ ಮಾತ್ರ ಆ ಎರಡನೆಯ ಸುಳ್ಳೇ ಸಾಕಿತ್ತು.

ಆ ಭಾನುವಾರ ನನ್ನ ತಮ್ಮ ಬಂದ. ಕಪಿಲೆಯ ನೀರಲ್ಲೇ ಬಿಟ್ಟ ಮೊದಲ ದ್ರಾಕ್ಷಿಯನ್ನು ಬುಟ್ಟಿಯಲ್ಲಿ ತಂದು ಸಾರ್ ರೂಮಿನ ಹೊಸ್ತಿಲಲ್ಲಿಟ್ಟು, ಕೈ ಮುಗಿದು ನಿಂತ. "ಸಾರ್, ವಸಿ ಚೆನ್ನಾಗ್ ಬರೀರಿ ಸಾರ್." ಅವರು ಬುಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಅವನ ಕೈಗೇ ಕೊಟ್ಟರು. "ಹಣ್ಣು ಚೆನ್ನಾಗಿದೆ ಅಂತ ನೋಡಿದ್ರೇ ಗೊತ್ತಾಗುತ್ತೆ ತಮ್ಮಾ. ಈಗ ನಾನು ತಿನ್ನೋ ಹಾಗಿಲ್ಲ." ಅವನ ಮುಖ ಬಾಡಿತು. ಊಟವನ್ನೂ ಮಾಡದೆ ಹೊರಟುಹೋದ.

ಮಧ್ಯಾಹ್ನ ಸಾರ್ ಊಟಕ್ಕೆ ಕೂತಾಗ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಜನಾನೇ ಬಾಯ್ಬಿಟ್ಟು ಉಪಯೋಗ ಆಗಿದೆ ಅಂತಿದ್ದಾರೆ. ಅದನ್ನೇ ಬರೆದು ಕಳಿಸಿದ್ರೆ ನಿಮ್ಮ ಗಂಟೇನ್ ಹೋಗುತ್ತೆ ಸಾರ್? ಒಂದೂರಿಗೆ ನೀರಾಗುತ್ತೆ."

ಅವರು ತುತ್ತು ಕೆಳಗಿಟ್ಟರು. ಕೋಪ ಮಾಡಿಕೊಳ್ಳಲಿಲ್ಲ. "ಅಮ್ಮಾ, ಉಪ್ಪು ಜಾಸ್ತಿ ಆದ ಸಾರನ್ನ ಚೆನ್ನಾಗಿದೆ ಅಂದುಬಿಟ್ಟಿದ್ರೆ ನೀವು ನಾಳೆನೂ ಅಷ್ಟೇ ಉಪ್ಪು ಹಾಕ್ತಿದ್ರಿ. ನಿಮ್ಮ ತಮ್ಮನ ಊರಿಗೆ ಹೋಗೋದು ಸರಿಯಾದ ಸಾರಾಗಿರಲಿ ಅಂತ ನಂಗಾಸೆ."

ನನಗೆ ಆ ಮಾತು ಒಳಗೆ ಇಳಿಯಲಿಲ್ಲ. ಅದಾದ ಮೇಲೆ ನಾಲ್ಕು ದಿನ ನಾನು ಅವರಿಗೆ ಬಡಿಸಿದೆ, ಎರಡನೆಯ ಸಲ ಬೇಕಾ ಎಂದು ಕೇಳಲಿಲ್ಲ. ಅವರೂ ತಟ್ಟೆ ಚಾಚಲಿಲ್ಲ. ಐವತ್ತು ದಾಟಿದ ಮನುಷ್ಯ ಅರೆಹೊಟ್ಟೆಯಲ್ಲಿ ಎದ್ದು ಕೈತೊಳೆಯುತ್ತಿದ್ದರು. ಇದನ್ನೂ ಬರೆಯದಿದ್ದರೆ ಅವರ ಬಗ್ಗೆ ಬರೆದು ಪ್ರಯೋಜನವಿಲ್ಲ.

ಐದನೆಯ ದಿನ ಅವರು ಕಂದುರಟ್ಟಿನ ಒಂದು ನೋಟ್‌ಬುಕ್ಕು ತಂದು ನನ್ನ ಮುಂದಿಟ್ಟರು. "ಉಪಯೋಗ ಆಯ್ತಾ ಅಂತ ಇನ್ಮೇಲೆ ಯಾರನ್ನೂ ಕೇಳಲ್ಲ. ಬೇರೆ ಕೇಳ್ತೀನಿ. ಮೊದ್ಲು ನಿಮ್ಮ ಮೇಲೆ ಪರೀಕ್ಷೆ. ಎದ್ದ ಮೇಲೆ ಏನೇನು ಮಾಡಿದ್ರಿ, ಅದಷ್ಟೇ ಬರೀರಿ. ಕೊನೆಗೆ ಎರಡು ಸಾಲು. ಏನು ಊಟ? ಮೊದಲು ಮಲಗಿದವರು ಯಾರು?"

"ಇದರಲ್ಲಿ ಏನ್ ಸಿಗುತ್ತೆ ಸಾರ್?"

"ಸುಳ್ಳು ಹೇಳೋಕೆ ಇದರಲ್ಲಿ ಜಾಗ ಇಲ್ವಲ್ಲಮ್ಮ. ಮುದ್ದೆ ತಿಂದೋರು ಮುದ್ದೆ ಅಂತಾರೆ."

ಎಸ್.ಎಸ್.ಎಲ್.ಸಿ. ಓದಿ ಬಿಟ್ಟಮೇಲೆ ನಾನು ಪೆನ್ನು ಹಿಡಿದದ್ದು ಅಗಸನಿಗೆ ಹಾಕಿದ ಬಟ್ಟೆಯ ಪಟ್ಟಿ ಬರೆಯಲು ಮಾತ್ರ. ಒಂದು ತಿಂಗಳು ಬರೆದೆ. ತಿಂಗಳ ಕೊನೆಗೆ ಅವರು ಜಗಲಿಯಲ್ಲಿ ಕೂತು ಮೊದಲ ಪುಟದಿಂದ ಕೊನೆಯವರೆಗೆ ಓದಿದರು. ಕನ್ನಡಕ ತೆಗೆದು ನನ್ನನ್ನು ಕರೆದರು.

"ಮೊದಲು ಮಲಗಿದವರು, ಅತ್ತೆ. ಮೊದಲು ಮಲಗಿದವರು, ಚಿಕ್ಕೋಳು. ಮೊದಲು ಮಲಗಿದವರು, ಯಜಮಾನರು, ತಲೆನೋವು. ನೀವೆಲ್ಲಿ? ಒಂದ್ ದಿನಾನೂ ಇಲ್ಲ?"

"ನಾನು ಹೇಗೆ ಮೊದಲು ಮಲಗ್ಲಿ ಸಾರ್? ಕೆಲಸ ಯಾರು ಮುಗಿಸ್ತಾರೆ?"

ಅವರು ನೋಟ್‌ಬುಕ್ಕು ಮುಚ್ಚಿದರು. ಎದ್ದು ಹೋಗಿ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಮೇಲೆ ನೋಡಿದರು. ನಮ್ಮ ಮನೆಗೆ ಕರೆಂಟು ಬಂದು ಎಷ್ಟೋ ವರ್ಷವಾಗಿತ್ತು. ನಡುಮನೆಯಲ್ಲಿ ಬಲ್ಬಿತ್ತು. ಅಡಿಗೆಮನೆಯಲ್ಲಿ ಸೀಮೆಎಣ್ಣೆಯ ಬುಡ್ಡಿ. ಅದು ಹಾಗಿದೆಯೆಂದು ಅಲ್ಲಿಯವರೆಗೆ ನಾನೇ ಗಮನಿಸಿರಲಿಲ್ಲ.

ಅದಾದ ಮೇಲೆ ನಮ್ಮ ದಂಡು ಮತ್ತೆ ಹೊರಟಿತು, ಅವೇ ಹಳ್ಳಿ, ಅವೇ ಮನೆಗಳು. ಈ ಸಲ ಸಾರ್ ಹೊರಗೆ ಕೂತು ಗಂಡಸರನ್ನು ಕೇಳಿದರು, ನಾನು ಒಳಗೆ ಒಲೆ ಮುಂದೆ ಕೂತು ಹೆಂಗಸರನ್ನು ಕೇಳಿದೆ. ಏನೇನು ಮಾಡಿದಿರಿ, ಏನು ಊಟ, ಯಾರು ಮೊದಲು ಮಲಗಿದರು. ಒಂದೊಂದು ಮನೆಗೂ ಅರ್ಧ ದಿನ. ಮಳೆ ಹಿಡಿಯಿತು. ಸಾರ್ ಟೈರಿನ ಚಪ್ಪಲಿ ಕೆಸರಲ್ಲಿ ಕಿತ್ತು ಹೋಯಿತು, ಬರಿಗಾಲಲ್ಲೇ ನಡೆದರು. ಅತ್ತೆ ಸುಣ್ಣ ಕೇಳುವುದನ್ನು ಬಿಟ್ಟು ತಾವೇ ಪ್ರಶ್ನೆ ಕೇಳಲು ಶುರು ಮಾಡಿದರು. "ನಿನ್ ಗಂಡ ಯಾವಾಗ್ಲೇ ಮಲಗ್ದ? ಸುಳ್ಳು ಯೋಳ್ಬ್ಯಾಡ, ಪ್ರಶ್ನೆಯಪ್ಪಂಗೆ ಗೊತ್ತಾಗ್ತದೆ!"

ಉತ್ತರಗಳು ನಿಧಾನವಾಗಿ ಒಂದರ ಪಕ್ಕ ಒಂದು ಬಂದು ಕೂತವು. ಪಂಪು ಬಂದಲ್ಲಿ ಎರಡನೆಯ ಬೆಳೆ ಬಂದಿತ್ತು. ಊಟದ ಸಾಲಿನಲ್ಲಿ ಸೊಪ್ಪು ತರಕಾರಿ ಕಾಣಿಸಿತ್ತು, ಮೊದಲು ಬೇಸಿಗೆಯಲ್ಲಿ ಇರುತ್ತಿದ್ದದ್ದು ಹುಣಸೆಯ ಗೊಜ್ಜು. ಅದು ನಿಜವಾದ ಉಪಯೋಗ, ಸಾರ್ ಅದನ್ನು ಸಂತೋಷದಿಂದ ಬರೆದರು. ಆದರೆ ಬಲ್ಬು ಎಲ್ಲ ಮನೆಯಲ್ಲೂ ನಡುಮನೆಯಲ್ಲಿ. ಅದರ ಕೆಳಗೆ ಗಂಡಸರು ಮಾತಾಡುತ್ತ ಕೂತು ಊಟ ಹೊತ್ತಾಗಿಸಿಕೊಳ್ಳುತ್ತಿದ್ದರು. ಹೆಂಗಸರು ಅದಾದ ಮೇಲೆ ಉಂಡು ಮಲಗಬೇಕು. ಎರಡನೆಯ ಬೆಳೆಯ ಕಳೆ ಕೀಳುವುದೂ ಅವರ ಪಾಲಿಗೆ. ಆದರೆ ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸುವುದು ಮಾತ್ರ ಮೊದಲಿನ ಹಾಗೇ ಇತ್ತು. ಮಲಗುವುದು ತಡ, ಏಳುವುದು ಅಷ್ಟೇ ಬೇಗ, ನಡುವೆ ನಿದ್ದೆ ಸವೆದಿತ್ತು. ವಾಡೆಯಲ್ಲಿ ಬಲ್ಬು ಬಚ್ಚಿಟ್ಟಿದ್ದ ಆ ಸೊಸೆ ನನ್ನೊಡನೆ ಮಾತಾಡುತ್ತಲೇ ಗೋಡೆಗೊರಗಿ ತೂಕಡಿಸಿದಳು.

ಕಪಿಲೆಯ ತೊಗಲು ಚೀಲ ಹೊಲಿಯುತ್ತಿದ್ದ ಮುದುಕನೊಬ್ಬ ಊರಾಚೆ ಇದ್ದ. ಅವನ ಮನೆಗೆ ಕರೆಂಟು ಇರಲಿಲ್ಲ, ಪಟ್ಟಿಯಲ್ಲೂ ಅವನ ಮನೆ ಇರಲಿಲ್ಲ. ಸಾರ್ ಅಲ್ಲಿಗೂ ಹೋಗಿ ಜಗಲಿಯಿಲ್ಲದ ಕಡೆ ನೆಲದ ಮೇಲೆ ಕೂತರು. "ನಂಗೇನ್ ಕೇಳ್ತೀರಿ ಬುದ್ಧಿ, ಪಂಪಿಗೆ ತೊಗಲು ಬೇಕಾ?" ಎಂದ ಅವನು. ಅದನ್ನೂ ಬರೆದರು.

ವರದಿ ಕಳಿಸಿ ಒಂದೂವರೆ ತಿಂಗಳಿಗೆ ನಮ್ಮ ಮನೆ ಮುಂದೆ ಜೀಪು ನಿಂತಿತು. ಅವರ ಮೇಲಿನ ಅಧಿಕಾರಿ, ಸೂಟು ಹಾಕಿದವರು. ಮುಂದಿನ ರೂಮಿಗೂ ನಡುಮನೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ, ಎಲ್ಲವೂ ಕೇಳಿಸುತ್ತಿತ್ತು.

"ಏನ್ರೀ ಇದು? ಎಷ್ಟು ಕಂಬ, ಎಷ್ಟು ಪಂಪು ಬರೀರಿ ಅಂದ್ರೆ, ಯಾರು ಮೊದಲು ಮಲಗ್ತಾರೆ ಅಂತ ಬರೆದಿದ್ದೀರಲ್ರೀ! ಬಲ್ಬು ರಾಗಿ ವಾಡೆಯಲ್ಲಿತ್ತು ಅಂತೆ! ಸಾಲ ಕೊಟ್ಟೋರಿಗೆ ಇದನ್ನ ತೋರಿಸೋಕಾಗುತ್ತಾ?"

"ಸಾಲ ಕೊಟ್ಟೋರಿಗಲ್ದೆ ಇನ್ಯಾರಿಗೆ ತೋರಿಸೋಣ ಸಾರ್?"

"ಎರಡನೇ ಸಾಲ ನಿಂತ್ರೆ ಜವಾಬ್ದಾರಿ ಯಾರ್ರೀ?"

ನಾನು ಹಲಗೆಗೆ ಕಿವಿಯಿಟ್ಟೆ. ತಮ್ಮನ ತೋಟ ಆ ಹಲಗೆಯ ಆಚೆ ತೂಗುತ್ತಿತ್ತು. ಪ್ರಶ್ನೆ ಸಾರ್ ಮೆಲ್ಲಗೆ ಹೇಳಿದರು: "ಲೈನು ಬೇಡ ಅಂತ ನಾನು ಎಲ್ಲೂ ಬರೆದಿಲ್ಲ. ಕೊನೇ ಪುಟ ನೋಡಿ. ಹೊಸ ಹಳ್ಳಿಗೆ ಲೈನು ಹೋದ್ರೆ ಮೊದಲನೇ ಕನೆಕ್ಷನ್ನು ಹಿಟ್ಟಿನ ಮಿಷನ್ನಿಗೆ ಕೊಡಿ, ಆಮೇಲೆ ಪಂಪು, ಆಮೇಲೆ ದೀಪ. ಅಷ್ಟೇ ನಾನು ಕೇಳಿರೋದು."

"ಅದೊಂದು ಪುಟ ಇಟ್ಕೊಂಡು ಮಿಕ್ಕಿದ್ದು ತೆಗೀರಿ."

"ಮಿಕ್ಕಿದ್ದು ಓದದೆ ಆ ಪುಟ ಯಾರಿಗೂ ಅರ್ಥ ಆಗಲ್ಲ ಸಾರ್. ತೆಗೆಯೋದಾದ್ರೆ ನನ್ನ ಸಹಿ ತೆಗೆದು ಕಳಿಸಿ."

ಅಷ್ಟರಲ್ಲಿ ಅತ್ತೆ ಕಾಫಿ ಲೋಟ ಹಿಡಿದು ರೂಮಿಗೆ ಹೋದರು. ನಾನು ತಡೆಯುವ ಮೊದಲೇ ಹೋಗಿದ್ದರು. ಅಧಿಕಾರಿಗೆ ಲೋಟ ಕೊಟ್ಟು, ನಿಂತಲ್ಲೇ ಕೇಳಿದರು: "ತಪ್ಪು ತಿಳ್ಕಾಬ್ಯಾಡಿ ಸೋಮಿ. ನಿಮ್ಮನೇಲಿ ಯಾರು ಮೊದ್ಲು ಮಲಗ್ತಾರೆ?"

ಕಾಫಿ ಹೀರುವ ಸದ್ದು ಮಾತ್ರ. ಆಮೇಲೆ ಜೀಪು ಹೊರಟ ಸದ್ದು. ವರದಿಯನ್ನು ಅವರು ಇಟ್ಟು ಹೋದರೋ ತೆಗೆದುಕೊಂಡು ಹೋದರೋ ಎಂದು ನೋಡಲು ಓಡಿದೆ. ತೆಗೆದುಕೊಂಡು ಹೋಗಿದ್ದರು, ಪೂರ್ತಿ.

ಮೂರು ತಿಂಗಳಲ್ಲಿ ಪ್ರಶ್ನೆ ಸಾರ್‌ಗೆ ಬಳ್ಳಾರಿ ಕಡೆಗೆ ವರ್ಗವಾಯಿತು. ಶಿಕ್ಷೆಯೋ ಎಂದು ಕೇಳಿದ್ದಕ್ಕೆ, "ಅಲ್ಲೂ ಜನ ಇದ್ದಾರಲ್ಲಮ್ಮ, ಕೇಳ್ಬೇಕಲ್ಲ" ಎಂದರು. ಹೋಗುವ ದಿನ ನಾನು ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ಮೂರು ಸಲ ಹಾಕಿದೆ, ಕೇಳದೆಯೇ. ಹೊರಡುವಾಗ ಹೇಳಿದರು: "ಪುಸ್ತಕ ಬಿಡಬೇಡಿ. ಆ ಸಾಲಲ್ಲಿ ನಿಮ್ಮ ಹೆಸರು ಬಂದ ದಿನ ನಂಗೊಂದು ಕಾರ್ಡ್ ಹಾಕಿ."

ತಮ್ಮ ಹೇಳಿದ್ದ ಎರಡು ವರ್ಷ ಮುಗಿದು ಮೂರನೆಯದು ಶುರುವಾಗುವ ಹೊತ್ತಿಗೆ ತವರಿಗೆ ಲೈನು ಬಂತು. ಅರ್ಧ ಬಳ್ಳಿ ಒಣಗಿತ್ತು, ಅರ್ಧ ಉಳಿದಿತ್ತು. ಊರಿನ ಚಾವಡಿಯ ಪಕ್ಕದ ಕೊಠಡಿಯಲ್ಲಿ ಮೊಟ್ಟಮೊದಲು ತಿರುಗಿದ್ದು ಹಿಟ್ಟಿನ ಮಿಷನ್ನು. ನಾನು ಅಂದು ಅಲ್ಲಿದ್ದೆ. ತಮ್ಮನ ಹೆಂಡತಿ ಬುಟ್ಟಿಯಲ್ಲಿ ಬಿಸಿ ರಾಗಿಹಿಟ್ಟು ಹೊತ್ತು ತಂದು ಕೆಳಗಿಳಿಸಿ, ಅದರೊಳಗೆ ಮೊಳಕೈವರೆಗೆ ಕೈ ಹೂತು ಹಾಗೇ ಕೂತಿದ್ದಳು. "ಅತ್ತಿಗೆಮ್ಮ, ನಾಳೆ ಕೋಳಿ ಕೂಗಿದ್ರೆ ಕೂಗ್ಲಿ" ಎಂದಳು.

ಅವರ ವರದಿಯಿಂದಲೇ ಹಾಗಾಯಿತೋ, ಹೇಗೂ ಆಗುವುದಿತ್ತೋ ನಾನು ಹೇಳಲಾರೆ. ಅವರಿದ್ದಿದ್ದರೆ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಬರೀರಿ, ಎನ್ನುತ್ತಿದ್ದರು. ಹಾಗೇ ಬರೆದಿದ್ದೇನೆ.

ರಿಟೈರಾದ ಮೇಲೆ ಒಂದೇ ಸಲ ಬಂದಿದ್ದರು. ಯಶವಂತಪುರದಲ್ಲಿ ಗಾಡಿ ಬದಲಾಯಿಸಿ ಬಂದಿಳಿದು, ನೇರ ತಮ್ಮನ ಊರಿಗೆ ಹೋಗೋಣ ಎಂದರು. ತಮ್ಮ ದ್ರಾಕ್ಷಿ ಬುಟ್ಟಿ ತಂದು ಮುಂದಿಟ್ಟು, ಹಳೆಯದು ನೆನಪಾಗಿ ಹಿಂದೆ ಸರಿದು ನಿಂತ. ಸಾರ್ ನಕ್ಕು ಬುಟ್ಟಿಯನ್ನು ಮಡಿಲಿಗೆಳೆದುಕೊಂಡರು. "ಈಗ ತಿನ್ನಬಹುದು ತಮ್ಮಾ. ಈಗ ನಾನು ಯಾವ ವರದೀನೂ ಬರೀತಿಲ್ಲ." ಒಂದು ಗೊಂಚಲು ತಿಂದರು. ತಮ್ಮ ಆಸೆಯಿಂದ, "ಎಂಗೈತೆ ಸಾರ್?" ಎಂದ. ಅವರು ಉತ್ತರ ಕೊಡದೆ ಇನ್ನೊಂದು ಗೊಂಚಲಿಗೆ ಕೈ ಹಾಕಿದರು. ಪೆನ್ಸಿಲು ಬಿಟ್ಟಿದ್ದರಿಂದ ತುಟಿ ಎಲ್ಲರ ತುಟಿಯಂತಾಗಿತ್ತು. ದ್ರಾಕ್ಷಿ ತಿಂದ ಮೇಲೆ ಅದು ನಮಗೆ ಗೊತ್ತಿದ್ದ ಬಣ್ಣಕ್ಕೆ ಬಂತು.

ಗಾಡಿ ಹತ್ತುವಾಗ ಕೇಳಿದರು. "ಬಂತಾ ಹೆಸರು?"

"ಇನ್ನೂ ಇಲ್ಲ ಸಾರ್."

"ಅಡಿಗೆಮನೆಗೆ ಬಲ್ಬು?"

"ಅದು ಬಂತು."

"ಸರಿ. ಅರ್ಧ ಆಯ್ತು" ಎಂದರು.

ಗುರುವಾರದ ಪುಟದ ಮಿಕ್ಕಿದ್ದು ಇಷ್ಟು. ಕಾರ್ಡು ಅತ್ತೆಗೆ ಓದಿ ಹೇಳಿದೆ. "ಪ್ರಶ್ನೆಯಪ್ಪ ಹೋದ್ನಾ" ಎಂದು ಗೋಡೆ ಕಡೆ ತಿರುಗಿದರು. ಒಣಗಿದ ರಾಗಿ ತೆಗೆದಿಟ್ಟೆ. ಮುಂದಿನ ರೂಮಿನ ಕಸ ಹೊಡೆದೆ, ಅಲ್ಲಿ ಈಗ ಯಾರೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಒಲೆ ಮುಂದೆ ಕೂತವಳು ಏಳಲಾರದೆ ಕೂತೇ ಇದ್ದೆ. ದೊಡ್ಡ ಮಗಳು ಬಂದು ಸೌಟು ಕೈಯಿಂದ ತೆಗೆದುಕೊಂಡಳು. ಯಜಮಾನರು ಬಾಗಿಲಲ್ಲಿ ನಿಂತು, ಇನ್ಯಾರಿಗೋ ಹೇಳುತ್ತಿದ್ದಾರೆ ಎಂಬಂತೆ ಬೇರೆ ಕಡೆ ನೋಡುತ್ತ, "ಪಾತ್ರೆ ನಾನು ತೊಳೀತೀನಿ. ನೀನು ಹೋಗಿ ಮಲಕ್ಕೋ" ಎಂದರು.

ಊಟ: ಮುದ್ದೆ, ಮಸ್ಸೊಪ್ಪು. ಉಪ್ಪು ಒಂದು ಹರಳು ಜಾಸ್ತಿಯಾಗಿತ್ತು. ಯಾರೂ ಹೇಳಲಿಲ್ಲ.

ಮೊದಲು ಮಲಗಿದವರು: ನಾನು.